ಮರುಳಸಿದ್ದಪ್ಪನ ಬಸ್ಸು ನಿಂತ ದಿನ

ನರಸಿಂಹರಾಜಪುರದ ಮರುಳಸಿದ್ದಪ್ಪನಿಗೆ ಬಸ್ಸು ಓಡಿಸುವುದು ಚೆನ್ನಾಗಿಯೇ ಬರುತ್ತಿತ್ತು. ನಿಲ್ಲಿಸುವುದು ಮಾತ್ರ ಅವನ ಕೈಯಲ್ಲಿರಲಿಲ್ಲ. ಅದು ಬಸ್ಸಿನ ಮರ್ಜಿಗೆ, ರಸ್ತೆಯ ಇಳಿಜಾರಿಗೆ, ಹಿಂದಿನ ಸೀಟಿನಲ್ಲಿ ಮರದ ತುಂಡು ಹಿಡಿದು ಕೂತವನ ಚುರುಕುತನಕ್ಕೆ ಸೇರಿದ ವಿಷಯ. ಆ ಸೀಟಿನಲ್ಲಿ ಯಾರೇ ಕೂರಲಿ, ಊರು ಬಂದ ತಕ್ಷಣ ಹಾರಿ ಇಳಿದು ತುಂಡನ್ನು ಚಕ್ರಕ್ಕೆ ಅಡ್ಡ ಕೊಡಬೇಕು. ಬಾಳೆಹೊನ್ನೂರಿನಲ್ಲಿ ಇಳಿಯುವವರು ಎರಡು ಫರ್ಲಾಂಗು ಮೊದಲೇ "ಸಿದ್ದಪ್ಪಾ, ಇಳಿಯೋರಿದೀವಿ ಮಾರಾಯ" ಎಂದು ಕೂಗಿಡುತ್ತಿದ್ದರು.

ಕಾಯಿಲೆ ಏನೆಂದು ಅವನಿಗೆ ಗೊತ್ತಿತ್ತು. ಹಿಂದಿನ ಅಚ್ಚಿನೊಳಗಿನ ಎಣ್ಣೆ, ಅಚ್ಚಿನ ತುದಿಯ ಸೀಲನ್ನು ದಾಟಿ ಬ್ರೇಕಿನ ಡ್ರಮ್ಮಿಗೆ ನುಗ್ಗುತ್ತಿತ್ತು. ಡ್ರಮ್ಮನ್ನು ಗಟ್ಟಿಯಾಗಿ ಹಿಡಿಯಬೇಕಾದ ಬ್ರೇಕ್ ಪಟ್ಟಿ ಎಣ್ಣೆ ಕುಡಿದು ಜಾರುತ್ತಿತ್ತು. ಮಹಾಯುದ್ಧ ನಡೆಯುತ್ತಿದ್ದ ಕಾಲ. ಹೊಸ ಸೀಲು ಕೇಳಿದರೆ ಶಿವಮೊಗ್ಗದ ಅಂಗಡಿಯವರು ನಗುತ್ತಿದ್ದರು. ಅಲ್ಲಿನ ವರ್ಕ್‌ಶಾಪಿಗೆ ಬಿಡಬಹುದಿತ್ತು, ಆದರೆ ತನ್ನ ಬಸ್ಸಿಗೆ ಇನ್ನೊಬ್ಬ ಸ್ಪಾನರ್ ಹಾಕುತ್ತಾನೆಂದರೆ ಮರುಳಸಿದ್ದಪ್ಪನಿಗೆ ಊಟ ಸೇರುತ್ತಿರಲಿಲ್ಲ. ಮನೆಯ ಮುಂದೆಯೇ ಚಕ್ರ ಬಿಚ್ಚಿ, ತಾಯಿ ಕಲ್ಲಮ್ಮನ ಕರಿ ಕಂಬಳಿಯಿಂದ ಬಳೆಯಂಥ ತುಂಡು ಕತ್ತರಿಸಿ, ಜೇನುಮೇಣ ತಿನ್ನಿಸಿ, ಅದನ್ನೇ ಸೀಲು ಮಾಡಿ ಕೂರಿಸಿದ. ಬ್ರೇಕ್ ಪಟ್ಟಿಯ ಜಿಡ್ಡು ಇಳಿಸಲು ಹೆಂಡತಿ ದಾಕ್ಷಾಯಣಮ್ಮ ತಲೆಗೆಂದು ಕುಟ್ಟಿಟ್ಟಿದ್ದ ಸೀಗೆಪುಡಿ ಹಾಕಿ ತಿಕ್ಕಿದ. ಆ ವರ್ಷ ಬಸ್ಸಿಗೆ ಮೂರು ಸಲ ಸೀಗೆಪುಡಿಯ ಸ್ನಾನವಾಯಿತು. ಮನೆಯವರಿಗೆ ಕಡಲೆಹಿಟ್ಟೇ ಗತಿಯಾಯಿತು.

ಪ್ರತಿ ಸಲವೂ ಎಂಟು ದಿನ ಬಸ್ಸು ಮರ್ಯಾದೆಯಿಂದ ನಿಲ್ಲುತ್ತಿತ್ತು. ಒಂಬತ್ತನೆಯ ದಿನ ಮತ್ತೆ ಡ್ರಮ್ಮಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

ಇದೆಲ್ಲವನ್ನೂ ದಾಕ್ಷಾಯಣಮ್ಮ ಸಹಿಸಿಕೊಂಡಿದ್ದಳು. ಅವಳಿಗೆ ಸಹಿಸಲಾಗದೇ ಹೋದದ್ದು ತವರಿನ ಮುಂದೆ ಆದ ಅವಮಾನ. ತವರು ಜಯಪುರದ ದಾರಿಯಲ್ಲಿ, ಇಳಿಜಾರಿನ ಪಕ್ಕದಲ್ಲೇ. ಹೋದ ವರ್ಷ ತಮ್ಮನ ಮದುವೆಗೆ ಹೋದಾಗ ಅವಳ ತಾಯಿ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬಸ್ಸು ಆ ಬಾಗಿಲನ್ನು ದಾಟಿ, ಬಾವಿಯನ್ನು ದಾಟಿ, ಒಂದು ಫರ್ಲಾಂಗು ಕೆಳಗೆ ಹುಲ್ಲಿನ ಬಣವೆಗೆ ಮೂತಿ ತೂರಿಸಿ ನಿಂತಿತು. ತಾಯಿ ತಟ್ಟೆ ಹಿಡಿದುಕೊಂಡು ಹಿಂದೆಯೇ ಓಡಿ ಬಂದಳು. ಆಮೇಲೆ ಎರಡು ಸಲ ಹೋದಾಗಲೂ ಬಣವೆಯೇ ಅವರ ಸ್ಟಾಂಡಾಯಿತು.

ಈಗ ತಂಗಿಯ ಸೀಮಂತಕ್ಕೆ ಐದು ದಿನವಿತ್ತು.

"ನೋಡ್ರಿ," ಎಂದಳು ದಾಕ್ಷಾಯಣಮ್ಮ, ರೊಟ್ಟಿ ತಟ್ಟುತ್ತ. "ಬಸ್ಸು ನಮ್ಮಪ್ಪನ ಮನೆ ಬಾಗ್ಲಲ್ಲಿ ನಿಲ್ಲೋದಾದ್ರೆ ನಿಮ್ಮ ಜೊತೆ ಬರ್ತೀನಿ. ಇಲ್ಲ ಅಂದ್ರೆ ರೇಣುಕಪ್ಪನ ಬಸ್ಸಿದೆ."

ಮರುಳಸಿದ್ದಪ್ಪ ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದ. ರೇಣುಕಪ್ಪನೆಂದರೆ ಅದೇ ದಾರಿಯ ಇನ್ನೊಂದು ಬಸ್ಸಿನವನು. ಸ್ವಂತ ಬಸ್ಸಿರುವ ಗಂಡನನ್ನು ಬಿಟ್ಟು ಹೆಂಡತಿ ಅವನ ಬಸ್ಸು ಹತ್ತಿದರೆ, ಆ ಮನುಷ್ಯ ಆ ಸುದ್ದಿಯನ್ನು ಕೊಪ್ಪದವರೆಗೂ ಹಾರ್ನ್ ಹೊಡೆದು ಸಾರುವವನೇ. ಮರುಳಸಿದ್ದಪ್ಪ ಅರ್ಧ ಊಟದಲ್ಲೇ ಎದ್ದು ನಾಲ್ಕನೆಯ ಸಲ ಚಕ್ರ ಬಿಚ್ಚಲು ಹೋದ.

ಅವನ ಮನೆಯ ಮುಂದಿನ ದಾರಿ ಇಳಿಜಾರು. ಬ್ಯಾಟರಿಗೆ ಇಂಜಿನ್ ತಿರುಗಿಸುವ ಶಕ್ತಿ ಇರಲಿಲ್ಲವಾದ್ದರಿಂದ ಬಸ್ಸು ಯಾವಾಗಲೂ ಮೂತಿ ಕೆಳಗೆ ಮಾಡಿಯೇ ನಿಲ್ಲುತ್ತಿತ್ತು. ಬೆಳಿಗ್ಗೆ ಕಲ್ಲು ತೆಗೆದರೆ ಉರುಳಿಕೊಂಡು ತಾನೇ ಸ್ಟಾರ್ಟ್ ಆಗುತ್ತಿತ್ತು. ಚಕ್ರ ಬಿಚ್ಚುವಾಗ ಅವನು ಹಿಂಭಾಗವನ್ನು ಇನ್ನಷ್ಟು ಎತ್ತಿ ಸೈಜುಗಲ್ಲಿನ ಮೇಲೆ ಕೂರಿಸುತ್ತಿದ್ದ. ಕೆಲಸ ಮುಗಿದ ಮೇಲೆ ಅಚ್ಚಿನ ನಡುವಿನ ದುಂಡು ಹೊಟ್ಟೆಗೆ ಎಣ್ಣೆ ಹಾಕುತ್ತಿದ್ದ. ಹೊಟ್ಟೆಯ ಹಿಂಬದಿಯಲ್ಲಿ ಒಂದು ತೂತು, ಅದಕ್ಕೊಂದು ಬಿರಡೆ. ತೂತಿನಿಂದ ತುಳುಕುವವರೆಗೂ ಎಣ್ಣೆ ಹಾಕಬೇಕೆಂದು ಬಸ್ಸಿನ ಜೊತೆ ಬಂದ ಇಂಗ್ಲಿಷ್ ಪುಸ್ತಕದಲ್ಲಿತ್ತು. ಓದಿ ಹೇಳಿದವರು ಶಾಲೆಯ ಪರಮಶಿವಯ್ಯ ಮೇಷ್ಟ್ರು.

"ಗಾಡಿ ಸಮತಟ್ಟು ನೆಲದ ಮೇಲಿರಬೇಕು ಅಂತಾನೂ ಬರ್ದಿದಾರೆ ಕಣೋ" ಎಂದಿದ್ದರು ಮೇಷ್ಟ್ರು.

"ಅದು ಅವ್ರ ದೇಶದೋರಿಗೆ ಬರ್ದಿದ್ದು ಮೇಷ್ಟ್ರೇ. ನಮ್ಮಲ್ಲಿ ಸಮತಟ್ಟು ಅಂತಿರೋದು ಗದ್ದೆ ಒಂದೇ. ಬಸ್ಸು ತಗೊಂಡೋಗಿ ಗದ್ದೇಲಿ ನಿಲ್ಲಿಸ್ಲಾ?"

ಇಬ್ಬರೂ ಹೊಟ್ಟೆ ತುಂಬ ನಕ್ಕಿದ್ದರು. ಆ ಸಾಲನ್ನು ಅಲ್ಲಿಗೇ ಬಿಟ್ಟಿದ್ದರು.

ಸೀಮಂತಕ್ಕೆ ಎರಡು ದಿನವಿರುವಾಗ ಹೊಸ ಕಂಬಳಿ ಬಳೆ ಕೂತಿತು, ಎಣ್ಣೆ ತುಳುಕಿತು, ಬಿರಡೆ ಬಿಗಿಯಾಯಿತು. ಮರುಳಸಿದ್ದಪ್ಪ ಇನ್ನೂ ಬಸ್ಸಿನಡಿಯಿಂದ ತಲೆ ಹೊರಗೆ ಹಾಕುತ್ತಿದ್ದ. ಕೈ ತೊಳೆಯಲಿ ಎಂದು ದಾಕ್ಷಾಯಣಮ್ಮ ಅವನ ಪಕ್ಕದ ಇಳಿಜಾರಿನಲ್ಲೇ ಕೊಳವೆಮೂತಿಯ ಗಿಂಡಿ ಇಟ್ಟು, ಮೂತಿಯ ಅಂಚಿಗೆ ಬರುವವರೆಗೂ ನೀರು ತುಂಬಿದಳು. ಗಿಂಡಿಯ ಮೂತಿ ಏರಿನ ಕಡೆಗಿತ್ತು. ಎತ್ತಿ ನೆಟ್ಟಗೆ ಹಿಡಿದಳೋ ಇಲ್ಲವೋ, ಮೂತಿಯಿಂದ ನೀರು ಸುರಿದು ಗಂಡನ ಕತ್ತಿನೊಳಗೆ ಇಳಿಯಿತು.

"ಶಿವನೇ! ಕಣ್ಣು ಕಾಣಲ್ವೇನೆ ನಿಂಗೆ?"

ದಾಕ್ಷಾಯಣಮ್ಮ ಗಿಂಡಿಯನ್ನು ಮತ್ತೆ ಅಲ್ಲೇ ಇಟ್ಟಳು, ತುಂಬಿದಳು, ಎತ್ತಿದಳು. ಮತ್ತೆ ನೀರು ಸುರಿಯಿತು. ಆಮೇಲೆ ಹಿಂಭಾಗ ಎತ್ತಿಕೊಂಡು ನಿಂತಿದ್ದ ಬಸ್ಸನ್ನು ನೋಡಿದಳು.

"ರೀ, ಎಣ್ಣೆ ತುಂಬೋದು ಬಸ್ಸು ಹಿಂಗೆ ಕುಂಡೆ ಎತ್ಕೊಂಡಿರುವಾಗ್ಲೇನಾ?"

"ಹೂಂ. ಅದಕ್ಕೇನೀಗ?"

"ನೆಟ್ಟಗೆ ನಿಂತ್ಮೇಲೆ ಜಾಸ್ತಿ ಎಣ್ಣೆ ಎಲ್ಲಿಗೆ ಹೋಗ್ಬೇಕು? ತೂತಿಗೆ ನೀವು ಬಿರಡೆ ಜಡಿದಿದೀರಿ. ಪಾಪ, ಚಕ್ರದ ಕಡೆಗಲ್ದೆ ಇನ್ನೆಲ್ಲಿಗೆ ಹೋಗತ್ತೆ?"

"ಹೋಗ್ ಹೋಗು. ಬಸ್ಸಿನ ವಿಷ್ಯ ನಿಂಗೇನು ಗೊತ್ತು?" ಎಂದ ಮರುಳಸಿದ್ದಪ್ಪ. ಆದರೆ ದನಿಯಲ್ಲಿ ಕಸುವಿರಲಿಲ್ಲ. ಊಟವಾದ ಮೇಲೆ ಯಾರೂ ಇಲ್ಲದ್ದು ನೋಡಿ ಕೊಟ್ಟಿಗೆಯ ಹಿಂದೆ ಅದೇ ಗಿಂಡಿಯನ್ನು ಓರೆಯಾಗಿಟ್ಟು ತಾನೂ ತುಂಬಿ ನೋಡಿದ. ಪಂಚೆ ಒದ್ದೆಯಾಯಿತು.

ಇನ್ನು ಸಮತಟ್ಟು ನೆಲ ಎಲ್ಲಿಂದ ತರುವುದು? ಇದ್ದದ್ದು ಒಂದೇ, ಒಕ್ಕಣೆಗೆಂದು ಕಲ್ಲಮ್ಮ ಸಗಣಿ ಸಾರಿಸಿ ಕನ್ನಡಿಯಂತೆ ಮಾಡಿಟ್ಟಿದ್ದ ಕಣ. ಅಲ್ಲಿಗೆ ಚಪ್ಪಲಿ ಹಾಕಿಕೊಂಡು ಅವಳ ಗಂಡನೂ ಕಾಲಿಟ್ಟಿರಲಿಲ್ಲ.

"ನನ್ನ ಕಂಬಳಿ ತಿಂದಿದ್ದು ಸಾಲ್ದೇನೋ? ಈಗ ಕಣಾನೂ ಬೇಕಾ ಆ ಮುಂಡೇದಕ್ಕೆ?" ಎಂದು ಕಲ್ಲಮ್ಮ ಕಣಕ್ಕೆ ಅಡ್ಡ ನಿಂತಳು.

"ಅವ್ವ, ನಿನ್ನ ಸೊಸೆ ರೇಣುಕಪ್ಪನ ಬಸ್ಸಲ್ಲಿ ಹೋಗ್ತಾಳಂತೆ."

ಮುದುಕಿ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ರೇಣುಕಪ್ಪನ ಅಜ್ಜನ ಕಾಲದಿಂದಲೂ ಆ ಮನೆಯವರನ್ನು ಕಂಡರೆ ಅವಳಿಗಾಗದು.

"ಹಂಗಾದ್ರೆ ಕಾಲು ತೊಳ್ಕೊಂಡು ಬರ್ಲಿ" ಎಂದಳು.

ಬಸ್ಸಿನ ಚಕ್ರಗಳನ್ನೆಲ್ಲ ಬಿಸಿನೀರಿನಲ್ಲಿ ತೊಳೆದು, ವಿಭೂತಿ ಹಚ್ಚಿ, ಕಣಕ್ಕೆ ಬಿಟ್ಟರು. ನೆಟ್ಟಗೆ ನಿಂತ ಬಸ್ಸಿನ ಬಿರಡೆಯನ್ನು ಮರುಳಸಿದ್ದಪ್ಪ ಬಿಚ್ಚಿದ. ಎಣ್ಣೆ ಗಳಗಳ ಸುರಿಯಿತು. ಎರಡು ಚೊಂಬು ತುಂಬಿ ಮೂರನೆಯದರ ತಳಕ್ಕೂ ಬಂತು. ತಾನು ಒಂದು ವರ್ಷ ಕಾದಾಡಿದ್ದು ಈ ಎರಡು ಚೊಂಬಿನ ಜೊತೆಗೋ ಎಂದು ಅವನು ನೆಲದ ಮೇಲೆ ಕೂತುಬಿಟ್ಟ. ದಾಕ್ಷಾಯಣಮ್ಮ ಡಬ್ಬಿಯ ತಳದಲ್ಲಿದ್ದ ಕೊನೆಯ ಹಿಡಿ ಸೀಗೆಪುಡಿಯನ್ನು ತಂದು ಮುಂದಿಟ್ಟಳು. ಅವನು ಪಟ್ಟಿಗಳನ್ನು ಮತ್ತೊಮ್ಮೆ ತಿಕ್ಕಿ ಒಣಗಿಸಿದ. ಮರುದಿನ ಎತ್ತು ಕಟ್ಟಿ ಬಸ್ಸನ್ನು ಕಣದಿಂದ ದಾರಿಗೆ ಎಳೆದು ತಂದರು.

ಸೀಮಂತದ ಬೆಳಿಗ್ಗೆ ದಾಕ್ಷಾಯಣಮ್ಮ ಬಳೆ, ಹೂವು, ಹಣ್ಣಿನ ತಟ್ಟೆಗಳ ಜೊತೆ ಮುಂದಿನ ಸೀಟಿನಲ್ಲಿ ಕೂತಳು. ಬಾಳೆಹೊನ್ನೂರಿನಲ್ಲಿ ಬಸ್ಸು ನಿಂತಿತು. ಆದರೆ ಅಲ್ಲಿ ನಿಂತದ್ದು ಲೆಕ್ಕಕ್ಕಿರಲಿಲ್ಲ. ಜಯಪುರದ ಇಳಿಜಾರು ಕಂಡಾಗ ಮರುಳಸಿದ್ದಪ್ಪ ಸೀಟಿನ ಅಂಚಿಗೆ ಸರಿದ. ಹಿಂದೆ ಕೂತವನು ಅಭ್ಯಾಸಬಲದಿಂದ ಮರದ ತುಂಡು ಹಿಡಿದು ಎದ್ದು ನಿಂತ. ಮಾವನ ಮನೆಯ ತೋರಣ ಕಂಡಿತು. ಮರುಳಸಿದ್ದಪ್ಪ ಶಿವನನ್ನು ನೆನೆದು ಬ್ರೇಕು ತುಳಿದ.

ಬಸ್ಸು ನಿಂತಿತು. ಸರಿಯಾಗಿ ಬಾಗಿಲ ಮುಂದೆ, ರಂಗೋಲಿಗೆ ಒಂದು ಮಾರು ದೂರದಲ್ಲಿ. ಮರದ ತುಂಡಿನವನು ಹಾರಿ ಇಳಿದು, ಮಾಡಲು ಕೆಲಸವಿಲ್ಲದೆ ಅದನ್ನು ಹಿಡಿದುಕೊಂಡೇ ನಿಂತ.

ಬಾಗಿಲಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಒಂದು ಫರ್ಲಾಂಗು ಕೆಳಗೆ, ಬಣವೆಯ ಪಕ್ಕದಲ್ಲಿ, ಇಡೀ ಬೀಗರ ಮನೆಯೇ ಸಾಲಾಗಿ ನಿಂತಿತ್ತು. ಅತ್ತೆಯ ಕೈಯಲ್ಲಿ ಆರತಿ ತಟ್ಟೆ, ಮುಂದೆ ಹೊಸ ರುಮಾಲು ಸುತ್ತಿದ ಮಾವ ಕಲ್ಲೇಶಪ್ಪ. ಬಸ್ಸು ಮೇಲೆಯೇ ನಿಂತದ್ದು ಕಂಡು ಅವರೆಲ್ಲ ಗಾಬರಿಯಾಗಿ ಏರು ಹತ್ತಿ ಓಡಿ ಬಂದರು.

"ಏನಾಯ್ತು ಅಳಿಯಂದ್ರೆ?" ಎಂದ ಕಲ್ಲೇಶಪ್ಪ, ಏದುಸಿರು ಬಿಡುತ್ತ. "ಬಸ್ಸು ಕೆಟ್ಟೋಯ್ತಾ?"

"ಇಲ್ಲ ಅಪ್ಪಯ್ಯ," ಎಂದಳು ದಾಕ್ಷಾಯಣಮ್ಮ. "ಬ್ರೇಕು ಇವ್ರು ಸರಿ ಮಾಡಿದ್ರು."

ಗಿಂಡಿಯ ಮಾತನ್ನು ಅವಳು ಎತ್ತಲಿಲ್ಲ. ಮರುಳಸಿದ್ದಪ್ಪ ಬ್ರೇಕಿನ ಮೇಲಿಟ್ಟ ಕಾಲನ್ನು ತೆಗೆಯದೆಯೇ, "ಇಲ್ಲ ಮಾವ, ಸರಿ ಮಾಡಿದ್ದು ಇವಳು" ಎಂದ.

ಕಲ್ಲೇಶಪ್ಪ ಇಬ್ಬರ ಮುಖವನ್ನೂ ನೋಡಿದ. ಆಮೇಲೆ ಬೇಲಿಯ ಬುಡದಿಂದ ದೊಡ್ಡದೊಂದು ಕಲ್ಲು ಹೊತ್ತು ತಂದು, ಯಾವುದಕ್ಕೂ ಇರಲಿ ಎಂದು ತಾನೇ ಚಕ್ರಕ್ಕೆ ಕೊಟ್ಟ.