ಸುವಾರ್ತವ್ವನ ಆಮೆನ್

ಗದಗ ರಸ್ತೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಸುವಾರ್ತವ್ವನ ಆಮೆನ್ ಹೆಸರುವಾಸಿಯಾಗಿತ್ತು. ಸಂಜೆ ಪ್ರಾರ್ಥನೆಯ ಕೊನೆಗೆ ಅವಳು ಆಮೆನ್ ಎಂದಳೆಂದರೆ ಪಕ್ಕದ ಮನೆಯವರು ಅನ್ನಕ್ಕಿಡುತ್ತಿದ್ದರು. ಗಡಿಯಾರ ನೋಡುವ ಗೊಡವೆಯೇ ಇರಲಿಲ್ಲ. ಅಂಥ ಆಮೆನ್ ಈ ವರ್ಷ ಮಾರ್ಚ್ ತಿಂಗಳಿಂದ ನಿಂತುಹೋಯಿತು.

ಕಾರಣ ಮನೆ. ಗಂಡ ಸಮಾಧಾನಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು ನಿವೃತ್ತನಾದ. ಹಾರ ಬಾಡುವ ಮೊದಲೇ ಕ್ವಾರ್ಟರ್ಸ್ ಬಿಡುವ ಹೊತ್ತು ಬಂತು. ಮಗಳು ಆಶಾ ಸತ್ತೂರಿನ ಆಸ್ಪತ್ರೆಯಲ್ಲಿ ನರ್ಸು. ಅವಳ ಡ್ಯೂಟಿಗೂ ಹತ್ತಿರ, ಚರ್ಚಿಗೂ ಬಹಳ ದೂರವಲ್ಲ ಎಂದು ಅಪ್ಪ ಮಗಳು ಸೇರಿ ಉಣಕಲ್ಲಿನ ಕಡೆ ಎರಡನೆಯ ಮಹಡಿಯಲ್ಲಿ ಒಂದು ಫ್ಲ್ಯಾಟು ಹಿಡಿದರು. ಚೆನ್ನಾಗಿಯೇ ಇತ್ತು. ನೀರಿತ್ತು, ಗಾಳಿಯಿತ್ತು, ಮನಸ್ಸು ಬಂದಾಗ ಓಡುವ ಲಿಫ್ಟೂ ಇತ್ತು. ಹಿತ್ತಲೊಂದು ಇರಲಿಲ್ಲ.

ಹಿತ್ತಲಿಲ್ಲದಿದ್ದರೆ ಏನು ಮುಳುಗಿತು ಎಂದು ನೀವು ಕೇಳಬಹುದು. ಅದಕ್ಕೆ ಸುಗ್ಗಿ ಹಬ್ಬದ ಸುದ್ದಿ ಹೇಳಬೇಕು. ನವೆಂಬರಿನ ಒಂದು ಭಾನುವಾರ ಸಭೆಯವರೆಲ್ಲ ತಮ್ಮ ಬೆಳೆಯಲ್ಲಿ ಒಂದು ಪಾಲನ್ನು ಚರ್ಚಿಗೆ ತಂದು, ಪೀಠದ ಮುಂದಿಟ್ಟು, ದೇವರಿಗೆ ಕೃತಜ್ಞತೆ ಹೇಳುವ ಹಬ್ಬ ಅದು. ಹೊಲವಿದ್ದವರು ತೆನೆ ತರುತ್ತಾರೆ, ಕೋಳಿ ಸಾಕಿದವರು ಕೋಳಿ ತರುತ್ತಾರೆ, ಎರಡೂ ಇಲ್ಲದವರು ಬಜಾರದಿಂದ ಹಣ್ಣು ತರುತ್ತಾರೆ. ಸುವಾರ್ತವ್ವ ಮದುವೆಯಾಗಿ ಬಂದಾಗಿನಿಂದ ಹಿತ್ತಲಿನ ಕುಂಬಳಕಾಯಿಯನ್ನೇ ಒಯ್ಯುತ್ತಿದ್ದಳು. ಒಯ್ದು ಸುಮ್ಮನಿದ್ದರೆ ಚಿಂತೆಯಿರಲಿಲ್ಲ. ಉಳಿದವರು ತಂದದ್ದನ್ನು ತನಿಖೆ ಮಾಡುವ ಚಟವೂ ಇತ್ತು. ಹೋದ ವರ್ಷ, ಖಜಾಂಚಿಯ ಹೆಂಡತಿ ಜಯಮಾಲಾ ತಂದ ಸೇಬುಹಣ್ಣೊಂದನ್ನು ಎತ್ತಿ, ಅದಕ್ಕಂಟಿದ್ದ ಸ್ಟಿಕ್ಕರನ್ನು ಉಗುರಿನಿಂದ ಕಿತ್ತು, ಎಲ್ಲರೆದುರು ಕೇಳಿಯೇಬಿಟ್ಟಳು.

"ಜಯಮಾಲಾಬಾಯಾರ, ನಿಮ್ಮ ಗಿಡದಾಗ ಹಣ್ಣು ಸ್ಟಿಕ್ಕರ್ ಹಚಗೊಂಡ ಹುಟ್ತಾವೇನ್ರಿ? ಬಜಾರದ್ದು ಕಾಣಿಕಿ ಹೆಂಗಾದೀತು? ಕೈಲೆ ಬೆಳದದ್ದು ಕೊಡಬೇಕ್ರಿ."

ಜಯಮಾಲಾ ಆ ಮಾತು ಮರೆಯಲಿಲ್ಲ. ಮರೆಯುವಂಥ ಹೆಂಗಸೂ ಅಲ್ಲ. ಸುವಾರ್ತವ್ವ ಫ್ಲ್ಯಾಟಿಗೆ ಹೋದ ಸುದ್ದಿ ತಿಳಿದ ಭಾನುವಾರವೇ ಚರ್ಚಿನ ಬಾಗಿಲಲ್ಲಿ ಕೈಹಿಡಿದು ನಿಲ್ಲಿಸಿ, ಸಕ್ಕರೆಯಂಥ ದನಿಯಲ್ಲಿ, "ಈ ಸಲ ಹಬ್ಬಕ್ಕ ಏನ್ ತರ್ತೀರಿ ಅಕ್ಕಾರ? ಲಿಫ್ಟ್ ತರ್ತೀರೇನು?" ಎಂದಳು. ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಇತ್ತ ಸಮಾಧಾನಪ್ಪನ ಕಥೆ ಬೇರೆ. ವರ್ಕ್‌ಶಾಪಿನಲ್ಲಿ ಮಾತಾಡದೆ ಉಳಿದ ಮಾತನ್ನೆಲ್ಲ ನಿವೃತ್ತಿಯ ನಂತರ ಪ್ರಾರ್ಥನೆಗೆ ಸುರಿಯತೊಡಗಿದ್ದ. ದಿನಾ ಸಂಜೆ ಕಣ್ಣುಮುಚ್ಚಿ ಶುರು ಮಾಡುತ್ತಿದ್ದ: "ಕರ್ತನೇ, ಈ ಹೊಸ ಮನೆಗಾಗಿ ನಿನಗೆ ಸ್ತೋತ್ರ. ಬಚ್ಚಲ ಮನೆಯ ಬಿಸಿನೀರಿಗಾಗಿ ಸ್ತೋತ್ರ. ಲಿಫ್ಟಿನಲ್ಲಿ ಸಿಕ್ಕಿಕೊಂಡ ನಿನ್ನ ದಾಸನನ್ನು ಅರ್ಧ ತಾಸಿನೊಳಗೆ ಬಿಡಿಸಿದ್ದಕ್ಕಾಗಿ ಸ್ತೋತ್ರ." ಕೊನೆಗೆ ಆಶಾ ಆಮೆನ್ ಎನ್ನುತ್ತಿದ್ದಳು. ಸಮಾಧಾನಪ್ಪ ಒಂದು ಕಣ್ಣು ತೆರೆದು ಹೆಂಡತಿಯ ಕಡೆ ನೋಡುತ್ತಿದ್ದ. ಅವಳು ತುಟಿ ಬಿಗಿದು ಕೂತಿರುತ್ತಿದ್ದಳು.

"ಆಮೆನ್ ಅನ್ನಾಕ ರೊಕ್ಕಾ ಕೊಡಬೇಕೇನ ನಿನಗ?" ಎಂದು ಒಂದು ದಿನ ಕೇಳಿದ.

"ಸುಳ್ಳ ಆಮೆನ್ ನನಗ ಬರೂದಿಲ್ರಿ. ಈ ಮನಿಗೆ ಸ್ತೋತ್ರ ಅನ್ನಾಕ ನನ್ನ ಬಾಯಿ ಏಳವಲ್ದು," ಎಂದಳು. ಸಮಾಧಾನಪ್ಪ ಮತ್ತೆ ಕೇಳಲಿಲ್ಲ.

ಆದರೆ ಸುವಾರ್ತವ್ವ ಕೈಕಟ್ಟಿ ಕೂಡುವ ಜೀವವಲ್ಲ. ಜೂನಿನಲ್ಲಿ ಹಳೆಯ ಕ್ವಾರ್ಟರ್ಸಿಗೆ ಹೋಗಿ ಹಿತ್ತಲಿನ ಮಣ್ಣನ್ನು ಎರಡು ಚೀಲ ತುಂಬಿಸಿ ಆಟೋದಲ್ಲಿ ತಂದಳು. "ಹುಬ್ಬಳ್ಳ್ಯಾಗ ಮಣ್ಣಿಗೂ ತುಟ್ಟಿಕಾಲ ಬಂತೇನ್ರಿ ಬಾಯಾರ?" ಎಂದು ಆಟೋದವನು ನಕ್ಕರೆ, "ನೀ ಮುಂದ ನೋಡಿ ಹೊಡಿ," ಎಂದಳು. ಬಾಲ್ಕನಿಯಲ್ಲಿ ಹಳೆಯ ನೀರಿನ ಡ್ರಮ್ಮಿಗೆ ಮಣ್ಣು ತುಂಬಿ ಕುಂಬಳ ಬೀಜ ಊರಿದಳು. ಬಳ್ಳಿ ಬಂತು. ಮೇಲೆ ಹಬ್ಬಲೆಂದು ಸುತಳಿ ಕಟ್ಟಿದಳು. ಬಳ್ಳಿ ಎರಡು ದಿನ ಸುತಳಿಯ ಕಡೆ ನೋಡಿ, ಕಂಬಿಯ ಸಂದಿಯಿಂದ ಕೆಳಗಿಳಿಯಿತು. ಹೂವು ಬೇಕಾದಷ್ಟು, ಕಾಯಿ ಮಾತ್ರ ಒಂದೂ ಇಲ್ಲ. ಸುವಾರ್ತವ್ವ ಬೆಳಿಗ್ಗೆ ಎದ್ದು ಬಳ್ಳಿಗೆ ಬೈಯುವುದು ನಿತ್ಯದ ನೇಮವಾಯಿತು.

ಆಗಸ್ಟಿನಲ್ಲಿ ಒಂದು ದಿನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಹಿಟ್ಟು ಮೆತ್ತಿದ ಕೈಯ, ಓಢಣಿ ಹೊದ್ದ ಹುಡುಗಿಯಂಥ ಹೆಂಗಸು.

"ನಾ ಕೆಳಗಿನ ಮನಿ ಮುಸರತ್ ರಿ ಕಾಕೂ. ನಿಮ್ಮ ಬಳ್ಳಿ ನಮ್ಮ ಬಾಲ್ಕನ್ಯಾಗ ಕಾಯಿ ಬಿಟ್ಟೈತಿ, ಬಂದ ನೋಡ್ರಿ."

ಇಷ್ಟು ತಿಂಗಳು ಆ ಕಟ್ಟಡದಲ್ಲಿ ಯಾರ ಹೆಸರನ್ನೂ ಕೇಳದ ಸುವಾರ್ತವ್ವ ಬರಿಗಾಲಲ್ಲೇ ಕೆಳಗೋಡಿದಳು. ನಿಂಬೆಹಣ್ಣಿನಷ್ಟು ಕಾಯಿ, ಮುಸರತಳ ಬಾಲ್ಕನಿಯ ಕಂಬಿಗೆ ಒರಗಿ ಕೂತಿತ್ತು. ಮುಸರತ್ ಅದರತ್ತ ಬೆರಳೆತ್ತಿದಳು.

"ಏ, ಬಟ್ಟ ಮಾಡಿ ತೋರಿಸಬ್ಯಾಡವಾ, ಕೊಳೀತೈತಿ!"

"ಹೌದೇನ್ರಿ? ಹಂಗಾರ ದೃಷ್ಟಿ ಆಗಬಾರದಂತ ಒಂದು ಕಾಡಿಗಿ ಬಟ್ಟು ಇಡತೇನಿ ತಡೀರಿ."

"ಛೇ, ಅಂಥಾ ಮೂಢನಂಬಿಕಿ ನಾವು ನಂಬೂದಿಲ್ಲ," ಎಂದಳು ಸುವಾರ್ತವ್ವ, ಗಂಭೀರವಾಗಿ.

ಅಂದಿನಿಂದ ಬೆಳಿಗ್ಗೆ ಕೆಳಗಿಳಿದು ಕಾಡಿಗೆ ಒರೆಸುವುದು ಅವಳ ಕೆಲಸ, ಅವಳು ಮೇಲೇರಿದ ಮೇಲೆ ಮತ್ತೆ ಹಚ್ಚುವುದು ಮುಸರತಳ ಕೆಲಸ. ಒರೆಸಲು ಬಂದವಳಿಗೆ ಚಹಾ. ಚಹಾ ಕುಡಿದವಳಿಗೆ ಮಾತು. ಕಾಯಿ ದಪ್ಪಗಾದಂತೆ ಮಾತೂ ಉದ್ದವಾಯಿತು. ಯಾವಾಗಲೋ ಸುವಾರ್ತವ್ವ ಕಾಡಿಗೆ ಒರೆಸುವುದನ್ನು ಬಿಟ್ಟಳು; ಬಿಟ್ಟದ್ದು ಅವಳಿಗೇ ತಿಳಿಯಲಿಲ್ಲ.

ಕಾಯಿಯ ಭಾರಕ್ಕೆ ಬಳ್ಳಿ ಹರಿಯುವ ಹಾಗಾದಾಗ ಮುಸರತಳ ಗಂಡ ಇಕ್ಬಾಲ ತನ್ನ ಗ್ಯಾರೇಜಿನಿಂದ ಸ್ಕೂಟರಿನ ಹಳೆಯ ಟ್ಯೂಬು ತಂದು ಜೋಲಿ ಕಟ್ಟಿದ. ಸುದ್ದಿ ಕೇಳಿ ಸಮಾಧಾನಪ್ಪ ನಿವೃತ್ತಿಯಾದ ಮೇಲೆ ಮೊದಲ ಸಲ ಹತ್ಯಾರಗಳ ಪೆಟ್ಟಿಗೆ ಹಿಡಿದು ಕೆಳಗಿಳಿದ. ಟ್ಯೂಬು ತಾಳುವುದಿಲ್ಲ ಎಂದು ಸಮಾಧಾನಪ್ಪ, ತಾಳುತ್ತದೆ ಎಂದು ಇಕ್ಬಾಲ. ಅರ್ಧ ದಿನ ವಾದ. ಕೊನೆಗೆ ಟ್ಯೂಬನ್ನು ಕಬ್ಬಿಣದ ಕೊಂಡಿಯಿಂದ ಕಂಬಿಗೆ ತೂಗುಹಾಕಿ ಇಬ್ಬರೂ ಗೆದ್ದರು. ಹುಬ್ಬಳ್ಳಿಯಲ್ಲಿ ಸಸ್ಪೆನ್ಶನ್ ಇದ್ದ ಕುಂಬಳಕಾಯಿ ಅದೊಂದೇ ಇರಬೇಕು. ಆ ಸಂಜೆಯ ಪ್ರಾರ್ಥನೆಯಲ್ಲಿ ಇಕ್ಬಾಲನ ಟ್ಯೂಬಿಗೂ ಸ್ತೋತ್ರ ಸಂದಿತು. ಆಮೆನ್ ಮಾತ್ರ ಬರಲಿಲ್ಲ.

ನವೆಂಬರ್ ಬಂತು. ಈಗ ಸುವಾರ್ತವ್ವನಿಗೆ ಹೊಸ ಸಂಕಟ. ಬೇರು ತನ್ನ ಡ್ರಮ್ಮಿನಲ್ಲಿ, ಕಾಯಿ ಮುಸರತಳ ಮನೆಯಲ್ಲಿ. ಕೇಳದೆ ಕೊಯ್ಯುವುದು ಹೇಗೆ? ಜನ್ಮದಲ್ಲಿ ಒಬ್ಬರ ಮನೆಗೆ ಹೋಗಿ ಒಂದು ಹಿಡಿ ಉಪ್ಪನ್ನೂ ಕೇಳಿದವಳಲ್ಲ. ಮೂರು ಸಲ ಕೆಳಗಿಳಿದು, ಮೂರು ಸಲವೂ ಚಹಾ ಕುಡಿದು ಮರಳಿದಳು. ಹಬ್ಬದ ಹಿಂದಿನ ದಿನ ಸೆರಗಿನ ಚುಂಗು ತಿರುವುತ್ತ ಅಂತೂ ಬಾಯಿಬಿಟ್ಟಳು. "ಮುಸರತ್, ನಾಳೆ ಚರ್ಚಿನ್ಯಾಗ ಕಾಣಿಕಿ ಕೊಡೋದೈತಿ... ಆ ಕಾಯಿ ಕೊಡ್ತೀ ಏನವಾ?"

"ದೇವರ ಕೆಲಸಕ್ಕ ಕೇಳೂದೇನ್ರಿ ಕಾಕೂ! ಒಯ್ಯೋಣು. ಆದ್ರ ನಾನೂ ಬರತೇನಿ. ಅದನ್ನೊಂದ ಹೆಂಗ ಕಳಸೂದು?"

ಹೀಗೆ ಭಾನುವಾರ ಎಲ್ಲರೂ ಹೊರಟರು. ಕಾಯಿಯ ಮೇಲೆ ಕಾಡಿಗೆ ಬಟ್ಟು, ನಡುವಿಗೆ ಟ್ಯೂಬು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸುವಾರ್ತವ್ವನಿಗೆ ಮುಟ್ಟಿ ನೋಡಿಕೊಳ್ಳುವ ತೊಂದರೆಯೂ ಇರಲಿಲ್ಲ, ಕಾಯಿ ಹೆಗಲ ಮೇಲೆಯೇ ಇತ್ತು. ಪೀಠದ ಮುಂದೆ ಪ್ರತಿಯೊಬ್ಬರೂ ತಮ್ಮ ಕಾಣಿಕೆಯ ಬಗ್ಗೆ ಒಂದು ಮಾತು ಹೇಳುವ ರೂಢಿ. ಅವಳ ಮಾತು ಸಭೆಗೆಲ್ಲ ಬಾಯಿಪಾಠ: "ಇದು ನನ್ನ ಕೈಲೆ ಬೆಳದದ್ದು." ಮುಂದಿನ ಬೆಂಚಿನಲ್ಲಿ ಜಯಮಾಲಾ ಸೆರಗು ಸರಿಮಾಡಿಕೊಂಡು ಕಾದಳು.

ಸುವಾರ್ತವ್ವ ಕಾಯಿ ಇಳಿಸಿದಳು. ಬಾಯಿ ತೆರೆದಳು. ಹಿಂದಿನ ಸಾಲಿನಲ್ಲಿ ಕಾಯಿ ಬಿದ್ದೀತೇನೋ ಎಂದು ಕತ್ತು ಚಾಚಿ ನೋಡುತ್ತಿದ್ದ ಮುಸರತ್ ಕಣ್ಣಿಗೆ ಬಿದ್ದಳು.

"ಇದು ನನ್ನದಲ್ರಿ," ಎಂದಳು ಸುವಾರ್ತವ್ವ. "ಬೇರು ಅಷ್ಟ ನಂದು. ಕಾಯಿ ಮುಸರತಂದು, ಜೋಲಿ ಇಕ್ಬಾಲಂದು, ಕೊಂಡಿ ನಮ್ಮ ಮನಿಯವರದು."

"ಹಂಗಾರ ನಿಮ್ಮ ಕೈಲೆ ಬೆಳದದ್ದಲ್ಲ?" ಎಂದಳು ಜಯಮಾಲಾ.

"ಅಲ್ರಿ. ನನ್ನ ಕೈಲೆ ಏನೂ ಆಗಿದ್ದಿಲ್ಲ. ಹೋದ ವರ್ಷ ಬಾಳ ಮಾತಾಡಿದ್ದೆ, ತಪ್ಪಾತು. ಸಂಜೀಕ ಮನಿಗೆ ಬರ್ರಿ." ಅಷ್ಟು ಹೊತ್ತು ಕಾದಿದ್ದ ಜಯಮಾಲಾ ಸರಿಯಾಗಿಯೇ ಇದ್ದ ಸೆರಗನ್ನು ಮತ್ತೊಮ್ಮೆ ಸರಿಮಾಡಿಕೊಂಡಳು.

ಆರಾಧನೆಯ ನಂತರ ಅಂಗಳದಲ್ಲಿ ಕಾಣಿಕೆಗಳ ಲಿಲಾವು, ಎಂದರೆ ಹರಾಜು. ಅಲ್ಲೊಂದು ಪದ್ಧತಿಯಿದೆ: ಕೂಗಿ ಗೆದ್ದವರು ವಸ್ತು ಮನೆಗೊಯ್ಯದೆ "ಮತ್ತ ಕೂಗ್ರಿ" ಎಂದು ಮರಳಿ ಕೊಡುತ್ತಾರೆ, ಒಂದೇ ನಿಂಬೆಹಣ್ಣು ಹತ್ತು ಮನೆಯ ಕಾಣಿಕೆಯಾಗುತ್ತದೆ. ಇದು ಮುಸರತಳಿಗೆ ಯಾರು ಹೇಳಿದ್ದರು? ತಾನು ಸಾಕಿದ ಕಾಯಿಯನ್ನು ಹಿರಿಯರೊಬ್ಬರು ಎತ್ತಿ ಹಿಡಿದು ಬೆಲೆ ಕೂಗಿದ್ದನ್ನು ಕಂಡು ಅವಳು ಜನರನ್ನು ಸರಿಸಿಕೊಂಡು ಮುಂದೆ ನುಗ್ಗಿದಳು. ಯಾರು ಎಷ್ಟೇ ಕೂಗಲಿ, ಅವಳು ಅದರ ಮೇಲೆ ಕೂಗಿದಳು. ಇಕ್ಬಾಲ ಓಢಣಿ ಹಿಡಿದೆಳೆದರೂ ಕೇಳಲಿಲ್ಲ. ಗೆದ್ದಳು.

"ಮತ್ತ ಕೂಗಲೇನ್ರಿ?" ಎಂದರು ಹಿರಿಯರು.

"ಯಾಕ್ರಿ? ಒಮ್ಮೆ ಕೊಟ್ಟೇವಿ, ಒಮ್ಮೆ ಕೊಂಡೇವಿ, ಇನ್ನ ಎಷ್ಟ ಸಲಾ!" ಎಂದು ಮುಸರತ್ ಕಾಯಿಯನ್ನು ಕೂಸಿನಂತೆ ಕಂಕುಳಿಗೆ ಏರಿಸಿದಳು. ಪಾಸ್ಟರು ಸಮೇತ ಇಡೀ ಅಂಗಳ ನಕ್ಕಿತು. ಪದ್ಧತಿ ವಿವರಿಸಲೆಂದು ಮುಂದೆ ಬಂದ ಸುವಾರ್ತವ್ವ, "ಕೊಡಬ್ಯಾಡ ಮುಸರತ್, ನಡಿ ಮನಿಗೆ," ಎಂದಳು. ಮನಿ ಎಂದದ್ದು ಉಣಕಲ್ಲಿನ ಮನೆಗೆ.

ಸಂಜೆ ಆ ಕುಂಬಳಕಾಯಿಯಿಂದ ಗಾರಗಿ. ಮುಸರತ್ ತುರಿದು ಬೆಲ್ಲ ಕೂಡಿಸಿ ಹಿಟ್ಟು ಕಲಸಿದಳು, ಸುವಾರ್ತವ್ವ ಮೇಲೆ ತನ್ನ ಮನೆಯಲ್ಲಿ ಒಲೆಗೆ ಎಣ್ಣೆಯಿಟ್ಟಳು. ಜಯಮಾಲಾ ಸೇಬುಹಣ್ಣಿನ ಚೀಲ ಹಿಡಿದು ಬಂದಳು. ಒಂದೊಂದು ಹಣ್ಣಿಗೂ ಸ್ಟಿಕ್ಕರು, ಬೇಕೆಂದೇ ಬಿಟ್ಟದ್ದು. ಸುವಾರ್ತವ್ವ ನೋಡಿ ಹೊಟ್ಟೆ ಹಿಡಿದು ನಕ್ಕಳು.

ಕರಿಯುವ ಮೊದಲು ಪ್ರಾರ್ಥನೆ ಆಗಲಿ ಎಂದು ಸಮಾಧಾನಪ್ಪ ಎದ್ದು ನಿಂತ. ಅವನ ಬಳಿ ಹೆಂಡತಿಯ ಆಮೆನ್ ಸಿಗದ ಇಷ್ಟು ತಿಂಗಳ ಸ್ತೋತ್ರವೆಲ್ಲ ಕೂಡಿಬಿದ್ದಿತ್ತು. ಗಂಟಲು ಸರಿಮಾಡಿಕೊಂಡು ಕಣ್ಣು ಮುಚ್ಚಿದ.

"ಕರ್ತನೇ, ಈ ಮನೆಗಾಗಿ..."

"ಆಮೆನ್!"

ಕ್ವಾರ್ಟರ್ಸಿನ ಕಾಲದ್ದೇ ದನಿ. ಮೇಲಿನ ಮನೆಯವರು ಕಿಟಕಿ ತೆರೆದರು. ಸಮಾಧಾನಪ್ಪ ಎರಡೂ ಕಣ್ಣು ತೆರೆದ, ಅವು ತೇವವಾಗಿದ್ದವು.

"ಇನ್ನೂ ಮುಗಿದಿಲ್ಲಲಾ," ಎಂದ ಮೆಲ್ಲಗೆ.

"ನಂದು ಮುಗೀತ್ರಿ," ಎಂದು ಸುವಾರ್ತವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಎಣ್ಣಿ ಕಾದೈತಿ, ಲಗೂ ಬರ್ರಿ."