ಮಗು ಕೊಡ್ತೀಯಾ ಎಂದು ಕೇಳಿದೆ

"ಈ ಮಗೂನ ನಂಗೆ ಕೊಡ್ತೀಯಾ?"

ಊರಲ್ಲಿ ಬಸುರಿಯರನ್ನು ಛೇಡಿಸುವ ಹಾಗೆಯೇ ಇಂಗ್ಲಿಷಿನಲ್ಲಿ ನಗುತ್ತಾ ಕೇಳಿದೆ. ಕೊಲ್ಲಿ ದೇಶದಲ್ಲಿ ನಾವಿರುವ ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲ್ಯಾಟಿನ ಕೆಳಗಿನ ಬ್ಯೂಟಿ ಪಾರ್ಲರಿನಲ್ಲಿ ನನ್ನ ಕೂದಲು ಕತ್ತರಿಸುತ್ತಿದ್ದ ಕಾಂಬೋಡಿಯಾದ ಹುಡುಗಿಯ ಕೈಯಿಂದ ಬಾಚಣಿಗೆ ಜಾರಿ ಬಿತ್ತು. ಎರಡೂ ಕೈಗಳಿಂದ ಹೊಟ್ಟೆ ಮುಚ್ಚಿಕೊಂಡು ಗೋಡೆಯವರೆಗೆ ಹಿಂದೆ ಸರಿದಳು.

"ಮಾಫಿ ಮೇಡಂ, ಮಾಫಿ! ಕೊಡಲ್ಲ!" ಇಲ್ಲಿಯ ಅರಬ್ಬಿಯಲ್ಲಿ ಇಲ್ಲ, ಇಲ್ಲ ಎಂದಳು.

ತಮಾಷೆಗೆ ಕೇಳಿದ್ದು ಎಂದು ಎಷ್ಟು ಹೇಳಿದರೂ ಅವಳು ಗೋಡೆ ಬಿಟ್ಟು ಕದಲಲಿಲ್ಲ. ಕೊನೆಗೆ ಅವಳೇ ಬಾಯಿಬಿಟ್ಟಳು. ಇನ್ನೂ ಹುಟ್ಟದ ಶಿಶುವನ್ನು ಒಣಗಿಸಿ ತಾಯಿತದಂತೆ ಇಟ್ಟುಕೊಂಡವನಿಗೆ ಯಾವ ಅಪಾಯವೂ ತಟ್ಟುವುದಿಲ್ಲ ಎಂಬ ಹಳೆಯ ನಂಬಿಕೆಯೊಂದು ಅವರ ಕಡೆ ಇದೆಯಂತೆ. ಆದರೆ ತಾಯಿಯೇ ಬಾಯಾರೆ "ಕೊಟ್ಟೆ" ಎನ್ನಬೇಕಂತೆ. ಅವಳ ಅಕ್ಕನನ್ನು ಗಂಡ ಹಾಗೆಯೇ ಕೇಳಿದ್ದ. ಅಕ್ಕ ಅದನ್ನು ಪ್ರೀತಿಯ ಮಾತೆಂದುಕೊಂಡು, "ನಿಂದೇ ಅಲ್ವಾ, ತಗೋ" ಎಂದು ನಕ್ಕಿದ್ದಳು. ಆ ವಾರವೇ ಅವನು ಅವಳನ್ನು ಕೊಂದು, ಹೊಟ್ಟೆಯಲ್ಲಿದ್ದ ಕೂಸನ್ನು ಕೊಂಡೊಯ್ದ.

"ನನ್ನ ಗಂಡಾನೂ ಫೋನಲ್ಲಿ ಹೀಗೇ ಕೇಳ್ತಾನೆ ಮೇಡಂ. ಕೇಳಿ ನಗ್ತಾನೆ. ನಾನು ಫೋನ್ ಇಟ್ಬಿಡ್ತೀನಿ."

ಹೆರಿಗೆಗೆ ಅವಳು ಹೋಗಬೇಕಿದ್ದುದು ಅವನ ಮನೆಗೇ. ಹೋಗಬೇಡ ಎಂದೆ. ವೀಸಾ ಮುಗಿಯುತ್ತಿದೆ, ಬೇರೆಲ್ಲಿಗೆ ಹೋಗಲಿ ಎಂದಳು.

ಪಾರ್ಲರಿನಲ್ಲಿ ಈಗ ಬೇರೆ ಹುಡುಗಿ ಇದ್ದಾಳೆ. ಊರಿಗೆ ಹೋದವಳ ಸುದ್ದಿ ಯಾರಿಗೂ ಗೊತ್ತಿಲ್ಲ. ಮೊನ್ನೆ ಮಂಗಳೂರಿನಿಂದ ತಂಗಿ ವಿಡಿಯೋ ಕಾಲ್ ಮಾಡಿ, ತುಂಬಿದ ಹೊಟ್ಟೆ ತೋರಿಸಿ, "ಅಕ್ಕಾ, ಇದನ್ನು ನಿಂಗೇ ಕೊಡ್ತೇನೆ" ಎಂದು ನಕ್ಕಳು. "ಹಾಗೆ ಹೇಳ್ಬೇಡ ಮಾರಾಯ್ತಿ!" ಎಂದು ಕಿರುಚಿಬಿಟ್ಟೆ.