ಮಲ್ಲವ್ವ ಬೇಡವೆಂದ ಸಿಮೆಂಟು

ಮಲ್ಲವ್ವನ ಬೆರಳುಗಳಲ್ಲಿ ಗೆರೆಗಳೇ ಇರಲಿಲ್ಲ. ಸುಣ್ಣ ಅವನ್ನು ತಿಂದುಹಾಕಿತ್ತು. ರೇಷನ್ ಅಂಗಡಿಯ ಯಂತ್ರದ ಮೇಲೆ ಹೆಬ್ಬೆರಳು ಒತ್ತಿ ಒತ್ತಿ ಸಾಕಾಗಿ, ಅಕ್ಕಿ ಸಿಗದೆ ಬಂದ ದಿನ, "ನಾ ಯಾರಂತ ಆ ಮಿಷನ್‌ಗೆ ಗುರ್ತ ಸಿಗವಲ್ದ್ರಿ ಅಕ್ಕಾರ" ಎಂದು ನಗುತ್ತಿದ್ದಳು.

ವಿಜಯಪುರದ ಕಡೆಯವಳು. ಅಪ್ಪ ಹಳೆಯ ವಾಡೆಗಳಿಗೆ ಗಾರೆ ಬಳಿಯುತ್ತಿದ್ದನಂತೆ. ಗಂಡುಮಕ್ಕಳಿಲ್ಲದ್ದರಿಂದ ಕೆಲಸ ಇವಳ ಕೈಗೆ ಬಂತು. ಆದರೆ ಮುಂಬಯಿ ಹತ್ತಿರದ ಕಳವಾ ಎಂಬಲ್ಲಿ ಒಂದು ಖೋಲಿಯಲ್ಲಿದ್ದುಕೊಂಡು, ರಸ್ತೆ ಕೂಡುವ ನಾಕಾದಲ್ಲಿ ಕೂಲಿಗೆ ನಿಲ್ಲುವ ಹೆಂಗಸಿಗೆ ಗಾರೆ ಬಳಿಯುವ ಕರಣೆ ಕೊಡುವವರು ಯಾರು? ಇಲ್ಲಿ ಅವಳು ಮೇಸ್ತ್ರಿಗಳ ಹಿಂದೆ ಗಾರೆಯ ಬಾಣಲೆ, ಘಮೇಲಾ, ಹೊತ್ತಳು.

ಕಲ್ಯಾಣದಲ್ಲಿ ನಾವಿದ್ದ ಹಳೆಯ ಚಾಳ್‌ನ ಮನೆಗೆ ಬಂದದ್ದೂ ಹಾಗೆಯೇ. ಮೈದುನನ ಮದುವೆ ಹತ್ತಿರವಿತ್ತು. ಅತ್ತೆ ಮಲಗುವ ಕೋಣೆಯದು ಸುಣ್ಣದ ಗಾರೆಯ ಗೋಡೆ. ಅಲ್ಲಲ್ಲಿ ಉಬ್ಬಿ ಪುಡಿ ಉದುರುತ್ತಿತ್ತು. ಮಂಗಳೂರಿನ ನೆಂಟರೆದುರು ಮರ್ಯಾದೆ ಹೋಗಬಾರದೆಂದು ನಾನೇ ಮೇಸ್ತ್ರಿಯನ್ನು ಕರೆಸಿದ್ದೆ. ಮಲ್ಲವ್ವ ಘಮೇಲಾ ಇಳಿಸಿ, ಬೆರಳಿನ ಗೆಣ್ಣಿನಿಂದ ಗೋಡೆ ಬಡಿಯುತ್ತಾ ಹೋದಳು. ಮಂಚದ ಪಕ್ಕಕ್ಕೆ ಬಂದಾಗ ಕೈ ನಿಂತಿತು.

"ಅಕ್ಕಾರ, ಇಲ್ಲೆ ಟೊಳ್ಳ ಐತ್ರಿ. ಎಲ್ಲಾ ಕೆತ್ತಿ ಸುಣ್ಣದ್ದ ಹಚ್ಚಬೇಕು. ಸಿಮೆಂಟ್ ಬ್ಯಾಡ್ರಿ, ಒಳಗಿನ ಥಂಡಿ ಹೊರಗ ಬರಾಕ ದಾರಿನ ಇರಂಗಿಲ್ಲ. ಒಂದಿನಾ ಬಿಚ್ಚಿಕೊಂಡ ಬೀಳ್ತೈತಿ."

"ಒಣಗಲಿಕ್ಕೆ ಎಷ್ಟು ದಿನ?" ಎಂದೆ.

"ತಿಂಗಳರ ಬೇಕ್ರಿ."

ಮೇಸ್ತ್ರಿ ನಕ್ಕ. "ತೂ ಘಮೇಲಾ ಉಠಾ, ಅಕಲ್ ಮತ್ ಚಲಾ" ಎಂದ, ಹೊರುವವಳಿಗೆ ಬುದ್ಧಿ ಓಡಿಸುವ ಕೆಲಸವೇಕೆ ಎನ್ನುವಂತೆ. ನಾನು ಮದುವೆಗೆ ಉಳಿದ ದಿನ ಎಣಿಸಿ, ಸಿಮೆಂಟೇ ಆಗಲಿ ಎಂದೆ. ಅವಳು ಮತ್ತೆ ಮಾತಾಡಲಿಲ್ಲ. ಆ ಸಿಮೆಂಟನ್ನು ಕಲಸಿ ಹೊತ್ತು ಕೊಟ್ಟವಳೂ ಅವಳೇ.

ಮದುವೆಗೆ ಬಂದವರೆಲ್ಲ ಗೋಡೆಯನ್ನು ಹೊಗಳಿದರು. ಎರಡನೆಯ ಮಳೆಗಾಲದ ಒಂದು ಮಧ್ಯಾಹ್ನ, ಅತ್ತೆ ಉಂಡು ಅಡ್ಡಾಗಿದ್ದಾಗ, ಸಿಮೆಂಟು ಹಲಗೆಯ ಹಾಗೆ ಕಳಚಿ ಅವರ ಮೇಲೆ ಬಿತ್ತು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಎದ್ದು ನಡೆಯಲಿಲ್ಲ.

ಸುದ್ದಿ ಕೇಳಿ ಮಲ್ಲವ್ವ ಬಂದಳು. 'ನಾ ಹೇಳಿರಲಿಲ್ಲೇನು' ಎಂಬ ಮಾತಿಗಾಗಿ ಕಾದೆ. ಅದು ಬರಲಿಲ್ಲ. ಈ ಸಲ ಮೇಸ್ತ್ರಿಯನ್ನು ಕರೆಸಲಿಲ್ಲ. ಅವಳೊಬ್ಬಳೇ ಗೋಡೆಯನ್ನು ಇಟ್ಟಿಗೆಯವರೆಗೆ ಕೆತ್ತಿದಳು. ಡ್ರಮ್ಮಿನಲ್ಲಿ ಸುಣ್ಣ ನೆನೆಹಾಕಿ, ಮರಳು, ಬೆಲ್ಲದ ನೀರು ಸೇರಿಸಿ ಕಲಸಿ, ತೆಳ್ಳಗೆ ಒಂದರ ಮೇಲೊಂದು ಪದರ ಬಳಿದಳು. ಅವಳ ಕೈಯಲ್ಲಿ ಕರಣೆಯನ್ನು ನಾನು ಕಂಡದ್ದು ಆಗಲೇ. ಎಷ್ಟು ಹಗುರ ಆ ಕೈ!

ಪಕ್ಕದ ಕೋಣೆಯಲ್ಲಿದ್ದ ಅತ್ತೆಗೆ ತಮ್ಮ ಕಿಟಕಿಯ ಬಳಿಗೆ ಮರಳಬೇಕೆಂಬುದೊಂದೇ ಆಸೆ. ದಿನಕ್ಕೆ ನಾಲ್ಕು ಸಲ ಕೂಗುವರು: "ಮಲ್ಲವ್ವಾ, ಒಣಗಿತಾ ಮಾರಾಯ್ತಿ?"

"ಇನ್ನಾ ಹಸಿ ಐತ್ರಿ ಅಮ್ಮಾರ. ಅವಸರ ಮಾಡಬ್ಯಾಡ್ರಿ."

ಬಳಿದು ಮುಗಿದ ಮೇಲೂ ಎರಡು ದಿನಕ್ಕೊಮ್ಮೆ ಲೋಕಲ್ ರೈಲು ಹಿಡಿದು ಬಂದು, ಗೋಡೆಗೆ ಅಂಗೈ ಒತ್ತಿ ನೋಡಿ, ಬಿರುಕು ಬಿಡದಂತೆ ನೀರು ಚಿಮುಕಿಸಿ ಹೋಗುತ್ತಿದ್ದಳು. ಗೋಡೆ ಇನ್ನೂ ತಣ್ಣಗಿರುವಾಗಲೇ ಒಂದು ಬೆಳಿಗ್ಗೆ ಅತ್ತೆ ತೀರಿಕೊಂಡರು. ಅಂದು ಮಲ್ಲವ್ವ ಅವರ ಕಾಲು ಮುಟ್ಟಿ ಹೊರಗೆ ಕುಳಿತಳು. ಒಳಗಿನ ಗೋಡೆ ನೋಡಲು ಹೋಗಲಿಲ್ಲ.

ಕೊನೆಯ ಸಲ ಅವಳನ್ನು ಕಂಡದ್ದು ನವಿ ಮುಂಬಯಿಯಲ್ಲಿ, ಏಳುತ್ತಿದ್ದ ಟವರೊಂದರ ಗೇಟಿನೆದುರು. ಸೊರಗಿದ್ದಳು, ಕೆಮ್ಮುತ್ತಿದ್ದಳು. ತಲೆಗೆ ಸಿಂಬಿ ಸುತ್ತುತ್ತಾ ಎಲ್ಲರ ಕ್ಷೇಮ ಕೇಳಿದಳು. ಅತ್ತೆ ಹೋದ ಮೇಲೆ ಎರಡು ವರ್ಷ ಹೇಳದೆ ಉಳಿದದ್ದನ್ನು ಆಡಿಬಿಟ್ಟೆ: "ಮಲ್ಲವ್ವ, ಅವತ್ತು ನಿನ್ನ ಮಾತು ಕೇಳಬೇಕಿತ್ತು."

ಹೋಗಲಿ ಬಿಡ್ರಿ ಎನ್ನುತ್ತಾಳೆಂದುಕೊಂಡಿದ್ದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಹೌದ್ರಿ ಅಕ್ಕಾರ, ಕೇಳಬೇಕಾಗಿತ್ತು. ನಾನೂ ಇನ್ನೊಂದ ಸಲ ಹೇಳಬೇಕಾಗಿತ್ತು. ಹೇಳಲಿಲ್ಲ."

ಒಳಗಿನಿಂದ ಯಾರೋ ಕೂಗಿದರು. ಹೋದಳು.